ಷೇರು ಪೇಟೆಯ ಪಂಚಾಂಗ ಶ್ರವಣ

ಯುಗಾದಿಯ ಸಂಜೆ ಊರ ದೇವಸ್ಥಾನದಲ್ಲಿ ಪಂಚಾಂಗ ಶ್ರವಣ ನಡೆಯುತ್ತದೆ. ಈ ಸಂವತ್ಸರಕ್ಕೆ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು, ಯಾವ ಧಾನ್ಯಕ್ಕೆ ಬೆಲೆ ಬರುತ್ತದೆ ಎಂದು ಜೋಯಿಸರು ಓದುತ್ತಾ ಹೋಗುತ್ತಾರೆ. ಆಮೇಲೆ ಬರುವುದು ಎಲ್ಲರೂ ಕಿವಿ ನಿಮಿರಿಸಿ ಕೇಳುವ ಭಾಗ. ಯಾವ ರಾಶಿಗೆ ಆಯ ಎಷ್ಟು, ವ್ಯಯ ಎಷ್ಟು? ಆಯ ಹೆಚ್ಚು ಬಂದವರು ಮೀಸೆಯಡಿಯಲ್ಲಿ ನಗುತ್ತಾರೆ. ವ್ಯಯ ಹೆಚ್ಚು ಬಂದವರು ‘ದೇವರಿಟ್ಟ ಹಾಗಾಗಲಿ’ ಎಂದು ಎದ್ದು ಹೋಗುತ್ತಾರೆ. ಮರುವರ್ಷ ಹೊಸ ಪಂಚಾಂಗ ಬರುವ ಹೊತ್ತಿಗೆ ಹಳೆಯದು ಅಟ್ಟ ಸೇರಿರುತ್ತದೆ. ಹೋದ ವರ್ಷ ಹೇಳಿದ ಆಯ ನಿಜವಾಗಿ ಬಂತೇ ಎಂದು ಅದನ್ನು ಕೆಳಗಿಳಿಸಿ ತಾಳೆ ನೋಡಿದವರು ವಿರಳ.

ಷೇರು ಪೇಟೆಯಲ್ಲೂ ಇಂಥದೊಂದು ಶ್ರವಣ ಉಂಟು. ಅದು ವರ್ಷಕ್ಕೆ ನಾಲ್ಕು ಬಾರಿ ನಡೆಯುತ್ತದೆ. ಕಂಪನಿಗಳು ಮೂರು ತಿಂಗಳಿಗೊಮ್ಮೆ ಲಾಭ ನಷ್ಟದ ಲೆಕ್ಕ ಒಪ್ಪಿಸುವ ಮುನ್ನ ‘ವಿಶ್ಲೇಷಕರು’ ಎಂಬ ಪರಿಣತರು ಆಯಾ ಕಂಪನಿಯ ಗಳಿಕೆ ಇಷ್ಟಾಗಬಹುದು ಎಂದು ಮುನ್ಸೂಚನೆ ಕೊಡುತ್ತಾರೆ. ಜೊತೆಗೆ ‘ಕೊಳ್ಳಿ’, ‘ಇಟ್ಟುಕೊಳ್ಳಿ’, ‘ಮಾರಿ’ ಎಂಬ ಶಿಫಾರಸು. ಇವರಲ್ಲಿ ಹೆಚ್ಚಿನವರು ದಲ್ಲಾಳಿ ಸಂಸ್ಥೆಗಳ ನೌಕರರು. ಟಿ.ವಿ.ಯಲ್ಲಿ, ಪತ್ರಿಕೆಯ ವಾಣಿಜ್ಯ ಪುಟದಲ್ಲಿ, ಈಗಂತೂ ಅಂಗೈಯ ಮೊಬೈಲಿನಲ್ಲೂ ಅವರ ಮಾತೇ ಮಾತು. ಆ ಮಾತನ್ನು ನಂಬಿ ನಿವೃತ್ತಿಯ ಗಂಟನ್ನೋ, ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನೋ ಪೇಟೆಗೆ ಹಾಕುವವರಿದ್ದಾರೆ. ಪಂಚಾಂಗದ ಆಯ ಬಾರದಿದ್ದರೆ ಯಾರಿಗೂ ನಷ್ಟವಿಲ್ಲ. ಇಲ್ಲಿ ಹಾಗಲ್ಲ, ಹೇಳಿದ್ದು ತಪ್ಪಿದರೆ ಕೇಳಿದವನ ಕೈ ಸುಡುತ್ತದೆ.

ಹಾಗಾದರೆ ಈ ಪೇಟೆಯ ಪಂಚಾಂಗವನ್ನು ಅಟ್ಟದಿಂದ ಇಳಿಸಿ ತಾಳೆ ನೋಡಿದವರು ಯಾರಾದರೂ ಇದ್ದಾರೆಯೇ? ಇದ್ದಾರೆ. ಸುಮಾರು ತೊಂಬತ್ತು ವರ್ಷಗಳಿಂದ ವಿಶ್ವವಿದ್ಯಾಲಯಗಳ ಪಂಡಿತರು ಇದೇ ಕೆಲಸದಲ್ಲಿ ತೊಡಗಿದ್ದಾರೆ. ಅವರು ಕಂಡುಕೊಂಡದ್ದು ಪ್ರತಿಯೊಬ್ಬ ಸಣ್ಣ ಹೂಡಿಕೆದಾರನಿಗೂ ಬೇಕಾದ ವಿಷಯ.

ಕ್ಷಯರೋಗಿಯ ಲೆಕ್ಕದ ಪುಸ್ತಕ

ಮೊದಲು ತಾಳೆ ನೋಡಿದಾತ ಅಮೆರಿಕದ ಆಲ್‌ಫ್ರೆಡ್ ಕೌಲ್ಸ್. ಷಿಕಾಗೊದ ಶ್ರೀಮಂತ ಮನೆತನದ ಈತ ಹುಟ್ಟಿದ್ದು 1891ರಲ್ಲಿ. ಕ್ಷಯ ತಗುಲಿದ್ದರಿಂದ ಒಳ್ಳೆಯ ಹವೆಯನ್ನು ಅರಸಿ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಬೆಟ್ಟದೂರಿನಲ್ಲಿ ನೆಲೆಸಬೇಕಾಯಿತು. ಮನೆಯ ಹಣಕಾಸನ್ನು ನೋಡಿಕೊಳ್ಳಲು ಹತ್ತಾರು ಸಲಹಾ ಪತ್ರಿಕೆಗಳನ್ನು ಚಂದಾ ಕೊಟ್ಟು ತರಿಸುತ್ತಿದ್ದ. 1929ರಲ್ಲಿ ನ್ಯೂಯಾರ್ಕಿನ ಷೇರು ಪೇಟೆ ಕುಸಿದು ಬಿತ್ತು. ಇಷ್ಟು ದೊಡ್ಡ ಅನಾಹುತದ ಬಗ್ಗೆ ಈ ಬಲ್ಲವರು ಮೊದಲೇ ಎಚ್ಚರಿಸಲಿಲ್ಲವೇಕೆ ಎಂಬ ಪ್ರಶ್ನೆ ಕೌಲ್ಸ್‌ನನ್ನು ಕಾಡತೊಡಗಿತು.

ಬೇರೆಯವರಾಗಿದ್ದರೆ ಹಣೆ ಚಚ್ಚಿಕೊಂಡು ಸುಮ್ಮನಾಗುತ್ತಿದ್ದರು. ಕೌಲ್ಸ್ ಹಳೆಯ ಸಂಚಿಕೆಗಳನ್ನು ಗುಡ್ಡೆ ಹಾಕಿಕೊಂಡು ಲೆಕ್ಕಕ್ಕೆ ಕುಳಿತ. 1932ರಲ್ಲಿ ಇಂಥ ಸಂಶೋಧನೆಗಾಗಿ ಸಂಸ್ಥೆಯೊಂದನ್ನು ಕಟ್ಟಿದ. ಅದರ ಧ್ಯೇಯವಾಕ್ಯ ‘ವಿಜ್ಞಾನವೆಂದರೆ ಅಳತೆ’ ಎಂಬುದಾಗಿತ್ತು. 1933ರಲ್ಲಿ ‘ಎಕನಾಮೆಟ್ರಿಕಾ’ ಪತ್ರಿಕೆಯಲ್ಲಿ ಆತನ ಲೇಖನ ಪ್ರಕಟವಾಯಿತು. ಷೇರು ಪೇಟೆಯ ಭವಿಷ್ಯಕಾರರು ನಿಜವಾಗಿ ಭವಿಷ್ಯ ಹೇಳಬಲ್ಲರೇ ಎಂಬ ಪ್ರಶ್ನೆಯೇ ಅದರ ಶೀರ್ಷಿಕೆ.

ಉತ್ತರ ಅಂಕಿಗಳಲ್ಲಿತ್ತು. 16 ಹಣಕಾಸು ಸಲಹಾ ಸಂಸ್ಥೆಗಳು 1928ರ ಜನವರಿಯಿಂದ 1932ರ ಜುಲೈವರೆಗೆ ಕೊಟ್ಟ ಸುಮಾರು 7,500 ಶಿಫಾರಸುಗಳನ್ನು ಕೌಲ್ಸ್ ಪರೀಕ್ಷಿಸಿದ್ದ. ಅವು ಸಾಧಾರಣ ಷೇರಿಗಿಂತ ವರ್ಷಕ್ಕೆ ಶೇ. 1.43ರಷ್ಟು ಕಡಿಮೆ ಫಲ ಕೊಟ್ಟಿದ್ದವು. 20 ಅಗ್ನಿವಿಮಾ ಕಂಪನಿಗಳು ತಮ್ಮ ಸ್ವಂತ ಹಣವನ್ನು ಹೂಡಲು ಆರಿಸಿಕೊಂಡ ಷೇರುಗಳೂ ಶೇ. 1.20ರಷ್ಟು ಹಿಂದೆ ಬಿದ್ದಿದ್ದವು. ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯ ಸಂಪಾದಕ ವಿಲಿಯಂ ಹ್ಯಾಮಿಲ್ಟನ್ ಆ ಕಾಲದ ಬಹುದೊಡ್ಡ ಹೆಸರು. ಆತ 26 ವರ್ಷಗಳಲ್ಲಿ 90 ಸಲ ‘ಪೇಟೆಯ ಗಾಳಿ ಬದಲಾಗಲಿದೆ’ ಎಂದು ಸಾರಿದ್ದ. ಅದರಲ್ಲಿ 45 ಸಲ ಆತನ ಮಾತು ನಿಜವಾಯಿತು, 45 ಸಲ ಸುಳ್ಳಾಯಿತು. ನಾಣ್ಯ ಚಿಮ್ಮಿದ್ದರೂ ಇದಕ್ಕಿಂತ ಕೆಡುತ್ತಿರಲಿಲ್ಲ!

‘ಎಲ್ಲರೂ ತಪ್ಪಿರಬಹುದು, ಆದರೆ ಕೆಲವರಾದರೂ ಸರಿಯಾಗಿ ಹೇಳಿದ್ದರಲ್ಲ’ ಎಂದು ಯಾರಾದರೂ ಕೇಳಬಹುದು. ಕೌಲ್ಸ್ ಅದನ್ನೂ ಯೋಚಿಸಿದ್ದ. ಪೇಟೆಯ ಏರಿಳಿತವನ್ನು ಹೇಳುತ್ತಿದ್ದ 24 ಪತ್ರಿಕೆಗಳ ಸಾಧನೆಯನ್ನು, ಇಸ್ಪೀಟಿನಂತೆ ಕಲಸಿದ ಚೀಟಿಗಳಿಂದ ಕಣ್ಣುಮುಚ್ಚಿ ಎತ್ತಿದ ‘ಭವಿಷ್ಯ’ದೊಂದಿಗೆ ಹೋಲಿಸಿದ. ಗೆದ್ದ ಪತ್ರಿಕೆಗಳ ಗೆಲುವು ಜಾಣ್ಮೆಯದು ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ಅದು ಅದೃಷ್ಟದ್ದೇ ಇರಬೇಕೆಂದು ಲೆಕ್ಕ ಹೇಳಿತು.

ಇದನ್ನು ತರಗತಿಯಲ್ಲೇ ಮಾಡಿ ನೋಡಬಹುದು. 24 ಮಕ್ಕಳು ತಲಾ 10 ಸಲ ನಾಣ್ಯ ಚಿಮ್ಮಲಿ. ಅವರಲ್ಲಿ ಒಬ್ಬರಿಗಾದರೂ 8 ಅಥವಾ ಅದಕ್ಕಿಂತ ಹೆಚ್ಚು ಸಲ ‘ತಲೆ’ ಬೀಳುವ ಸಂಭವವೇ ಹೆಚ್ಚು. ಆ ಮಗುವಿಗೆ ನಾಣ್ಯವಿದ್ಯೆ ಸಿದ್ಧಿಸಿದೆ ಎಂದು ಯಾರೂ ಹಾರ ಹಾಕುವುದಿಲ್ಲ. ಷೇರು ಪೇಟೆಯಲ್ಲಿ ಮಾತ್ರ ಹಾರ ಹಾಕುತ್ತಾರೆ, ಚಂದಾ ಹಣವನ್ನೂ ಕೊಡುತ್ತಾರೆ.

ಎಂಬತ್ತೈದು ಅಂಕಕ್ಕೆ ಅಳು, ನಲವತ್ತಕ್ಕೆ ಪೇಡ

ಗಳಿಕೆಯ ಮುನ್ಸೂಚನೆಗೆ ಇಷ್ಟೊಂದು ಬೆಲೆ ಏಕೆ ಎಂಬುದನ್ನು ಮೊದಲು ತಿಳಿಯಬೇಕು. ಕಂಪನಿಯೊಂದರ ವರ್ಷದ ಲಾಭ 100 ಕೋಟಿ ರೂಪಾಯಿ, ಷೇರುಗಳು 10 ಕೋಟಿ ಎಂದಿಟ್ಟುಕೊಳ್ಳಿ. ಪ್ರತಿ ಷೇರಿನ ಗಳಿಕೆ 10 ರೂಪಾಯಿ ಆಯಿತು. ಮುಂದಿನ ವರ್ಷ ಅದು 12 ರೂಪಾಯಿ ಆಗುತ್ತದೆ ಎಂದು ವಿಶ್ಲೇಷಕರು ಹೇಳಿದ್ದಾರೆ. ಬಂದದ್ದು 11. ಲಾಭ ಶೇ. 10ರಷ್ಟು ಹೆಚ್ಚಿದೆ. ಆದರೂ ಷೇರಿನ ಬೆಲೆ ಇಳಿಯುತ್ತದೆ!

ವಿಚಿತ್ರವೆನಿಸಿದರೆ ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನವನ್ನು ನೆನಪಿಸಿಕೊಳ್ಳಿ. ಶೇ. 95 ಬರುತ್ತದೆಂದು ನಂಬಿದ್ದ ಮನೆಯಲ್ಲಿ ಶೇ. 85 ಬಂದರೆ ಒಲೆ ಹಚ್ಚುವುದಿಲ್ಲ. ಪಾಸಾದರೆ ಸಾಕು ಎಂದಿದ್ದ ಮನೆಯಲ್ಲಿ ಶೇ. 40 ಬಂದರೆ ಬೀದಿಗೆಲ್ಲ ಪೇಡ ಹಂಚುತ್ತಾರೆ. ಅಳು ನಗು ಎರಡೂ ಹುಟ್ಟುವುದು ಅಂಕದಿಂದಲ್ಲ, ಅಂಕಕ್ಕೂ ನಿರೀಕ್ಷೆಗೂ ಇರುವ ಅಂತರದಿಂದ.

ಇದನ್ನು ಮೊದಲು ಅಳತೆಗೆ ತಂದವರು ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದ ಆಸ್ಟ್ರೇಲಿಯಾದ ಇಬ್ಬರು ತರುಣರು, ರೇ ಬಾಲ್ ಮತ್ತು ಫಿಲಿಪ್ ಬ್ರೌನ್. 1968ರಲ್ಲಿ ಪ್ರಕಟವಾದ ಅವರ ಅಧ್ಯಯನ ಕಂಪನಿಗಳನ್ನು ಎರಡು ಗುಂಪು ಮಾಡಿತು. ನಿರೀಕ್ಷೆ ಮೀರಿದವು ಒಂದು ಕಡೆ, ನಿರೀಕ್ಷೆ ಮುಟ್ಟದವು ಇನ್ನೊಂದು ಕಡೆ. ಮೊದಲ ಗುಂಪಿನ ಷೇರುಗಳು ಲೆಕ್ಕಪತ್ರ ಹೊರಬೀಳುವುದಕ್ಕೆ ಹನ್ನೆರಡು ತಿಂಗಳು ಮುಂಚಿನಿಂದಲೇ ಉಳಿದವುಗಳನ್ನು ಮೀರಿ ಏರತೊಡಗಿದ್ದವು, ಎರಡನೆಯವು ಹಿಂದೆ ಬೀಳತೊಡಗಿದ್ದವು. ವಾರ್ಷಿಕ ವರದಿ ಕೈಗೆ ಬರುವ ಹೊತ್ತಿಗೆ ಅದರಲ್ಲಿದ್ದ ಸುದ್ದಿಯ ಶೇ. 85ರಿಂದ 90ರಷ್ಟು ಪಾಲು ಬೆಲೆಯಲ್ಲಿ ಸೇರಿಹೋಗಿತ್ತು. ಅಂದರೆ ಪತ್ರಿಕೆಯಲ್ಲಿ ‘ಭಾರಿ ಲಾಭ’ ಎಂಬ ಸುದ್ದಿ ಓದಿ ಷೇರು ಕೊಳ್ಳಲು ಓಡುವವನು ಜಾತ್ರೆ ಮುಗಿದ ಮೇಲೆ ಬೆಂಡು ಬತ್ತಾಸು ಹುಡುಕುವವನಂತೆ.

ನಮ್ಮವರು ಮರೆಯಲಾಗದ ಉದಾಹರಣೆಯೊಂದು ಬೆಂಗಳೂರಿನಲ್ಲೇ ಇದೆ. 2013ರ ಏಪ್ರಿಲ್ 12ರಂದು ಇನ್ಫೊಸಿಸ್ ತನ್ನ ಫಲಿತಾಂಶದ ಜೊತೆಗೆ, ಬರುವ ಹಣಕಾಸು ವರ್ಷದಲ್ಲಿ ವರಮಾನ ಶೇ. 6ರಿಂದ 10ರಷ್ಟು ಬೆಳೆಯಬಹುದು ಎಂದು ಹೇಳಿತು. ಕಂಪನಿ ನಷ್ಟದಲ್ಲಿರಲಿಲ್ಲ. ಮುಂದೆಯೂ ಬೆಳೆಯುತ್ತೇನೆ ಎಂದೇ ಅದು ಹೇಳಿತ್ತು. ಆದರೆ ಪೇಟೆ ಎಣಿಸಿದ್ದು ಅದಕ್ಕಿಂತ ಹೆಚ್ಚು. ಅಂದು ಒಂದೇ ದಿನ ಷೇರಿನ ಬೆಲೆ ಶೇ. 21ರಷ್ಟು ಕುಸಿಯಿತು. ಬೆಳಿಗ್ಗೆ ಕಾಫಿ ಕುಡಿಯುವಾಗ ಇದ್ದ ಐದು ರೂಪಾಯಿಯಲ್ಲಿ ಒಂದು ರೂಪಾಯಿ ಸಂಜೆಗೆ ಇರಲಿಲ್ಲ.

ಉಂಡ ಮನೆಗೆ ಎರಡು ಬಗೆಯಲಾರದವರು

ನಿರೀಕ್ಷೆಯೇ ಬೆಲೆಯನ್ನು ಆಳುತ್ತದೆ ಎಂದಾದರೆ ನಿರೀಕ್ಷೆಯನ್ನು ಕಟ್ಟಿಕೊಡುವ ವಿಶ್ಲೇಷಕ ಎಷ್ಟು ನಿಷ್ಪಕ್ಷಪಾತಿ ಎಂಬುದು ಮುಖ್ಯವಾಗುತ್ತದೆ. ಅಮೆರಿಕದ ಕೆಂಟ್ ವೊಮ್ಯಾಕ್ ಎಂಬ ಪ್ರಾಧ್ಯಾಪಕರು 1996ರಲ್ಲಿ ದೊಡ್ಡ ದಲ್ಲಾಳಿ ಸಂಸ್ಥೆಗಳ ಶಿಫಾರಸುಗಳನ್ನು ಎಣಿಸಿದರು. ಹೊಸದಾಗಿ ‘ಕೊಳ್ಳಿ’ ಎಂದದ್ದು ಏಳು ಸಲವಾದರೆ ‘ಮಾರಿ’ ಎಂದದ್ದು ಒಂದೇ ಸಲ! ಸ್ವಾರಸ್ಯವೆಂದರೆ ಅಪರೂಪಕ್ಕೆ ಬಂದ ‘ಮಾರಿ’ ಎಂಬ ಮಾತಿಗೇ ತೂಕ ಹೆಚ್ಚಿತ್ತು. ‘ಕೊಳ್ಳಿ’ ಎಂದ ಷೇರು ಆಮೇಲೆ ಸರಾಸರಿ ಶೇ. 2.4ರಷ್ಟು ಮಾತ್ರ ಮೇಲೇರಿ ಬೇಗನೆ ತಣ್ಣಗಾಯಿತು. ‘ಮಾರಿ’ ಎಂದ ಷೇರು ಆರು ತಿಂಗಳ ಕಾಲ ಇಳಿಯುತ್ತಾ ಶೇ. 9.1ರಷ್ಟು ಕಳೆದುಕೊಂಡಿತು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ವಿಶ್ಲೇಷಕರು ದಡ್ಡರಲ್ಲ, ಅವರಿಗೆ ಗೊತ್ತಿರುತ್ತದೆ. ಆದರೆ ಗೊತ್ತಿರುವ ಕೆಟ್ಟ ಸುದ್ದಿಯನ್ನು ಬಾಯಿಬಿಟ್ಟು ಹೇಳಲು ಅವರು ಹಿಂಜರಿಯುತ್ತಾರೆ.

ಹಿಂಜರಿಯುವುದೇಕೆ? ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆ ಇದೆ. ದೊಡ್ಡ ಹಣಕಾಸು ಸಂಸ್ಥೆಗಳಿಗೆ ಎರಡು ಅಂಗಡಿ. ಒಂದರಲ್ಲಿ ಕಂಪನಿಗಳ ಹೊಸ ಷೇರುಗಳನ್ನು ಪೇಟೆಗೆ ತಂದುಕೊಟ್ಟು ಕೋಟಿಗಟ್ಟಲೆ ಶುಲ್ಕ ಪಡೆಯುತ್ತವೆ. ಇನ್ನೊಂದರಲ್ಲಿ ಅದೇ ಕಂಪನಿಗಳ ಬಗ್ಗೆ ಹೂಡಿಕೆದಾರರಿಗೆ ‘ನಿಷ್ಪಕ್ಷಪಾತ’ ಸಲಹೆ ಕೊಡುತ್ತವೆ. ಶುಲ್ಕ ಕೊಟ್ಟ ಕಂಪನಿಯ ಷೇರನ್ನು ‘ಮಾರಿ’ ಎಂದರೆ ಮೊದಲ ಅಂಗಡಿಯ ಗಿರಾಕಿ ಓಡಿಹೋಗುತ್ತಾನೆ. ರೋನಿ ಮಿಕೇಲಿ ಎಂಬ ವಿದ್ವಾಂಸರೊಡನೆ ವೊಮ್ಯಾಕ್ 1999ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಇದನ್ನೇ ತೋರಿಸಿತು. ಷೇರನ್ನು ಪೇಟೆಗೆ ತಂದ ಸಂಸ್ಥೆಯ ವಿಶ್ಲೇಷಕ ‘ಕೊಳ್ಳಿ’ ಎಂದ ಷೇರುಗಳು, ಹೊರಗಿನ ವಿಶ್ಲೇಷಕರು ಹಾಗೆಂದ ಷೇರುಗಳಿಗಿಂತ ಕಳಪೆ ಫಲ ಕೊಟ್ಟಿದ್ದವು.

ನೌಕರಿಯ ಭಯವೂ ಇದೆ. ಹ್ಯಾರಿಸನ್ ಹಾಂಗ್ ಮತ್ತು ಜೆಫ್ರಿ ಕ್ಯೂಬಿಕ್ 2003ರಲ್ಲಿ ವಿಶ್ಲೇಷಕರ ಬಡ್ತಿ ಮತ್ತು ವರ್ಗಾವಣೆಗಳನ್ನು ಅವರ ಮುನ್ಸೂಚನೆಗಳ ಪಕ್ಕದಲ್ಲಿಟ್ಟು ನೋಡಿದರು. ನಿಖರವಾಗಿ ಹೇಳಿದವರಿಗೆ ಒಳ್ಳೆಯ ಹುದ್ದೆ ಸಿಕ್ಕಿತ್ತು, ನಿಜ. ಆದರೆ ನಿಖರತೆಯಲ್ಲಿ ಸಮಾನರಾದ ಇಬ್ಬರಲ್ಲಿ, ಉಳಿದವರಿಗಿಂತ ಸಿಹಿಯಾಗಿ ಹೇಳಿದವನಿಗೆ ಮೇಲೇರುವ ಅವಕಾಶ ಹೆಚ್ಚಿತ್ತು. ತನ್ನ ಸಂಸ್ಥೆಯೇ ಪೇಟೆಗೆ ತಂದ ಷೇರುಗಳನ್ನು ನೋಡಿಕೊಳ್ಳುವ ವಿಶ್ಲೇಷಕನಿಗಂತೂ ನಿಖರತೆಗಿಂತ ಸಿಹಿಯೇ ಹೆಚ್ಚು ಉಪಯೋಗಕ್ಕೆ ಬಂದಿತ್ತು. ಅವರೇ ಅಮಿತ್ ಸಾಲಮನ್ ಜೊತೆ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೊಸಬರು ಗುಂಪು ಬಿಟ್ಟು ಒಂಟಿಯಾಗಿ ಮಾತಾಡಲು ಹೆದರುತ್ತಾರೆ. ಎಲ್ಲರೊಡನೆ ತಪ್ಪಿದರೆ ಕೆಲಸ ಉಳಿಯುತ್ತದೆ, ಒಬ್ಬನೇ ತಪ್ಪಿದರೆ ಹೋಗುತ್ತದೆ. ಕುರಿಮಂದೆ ಎಂದು ಹೂಡಿಕೆದಾರರನ್ನು ಹಾಸ್ಯ ಮಾಡುವವರು ಮಂದೆಯ ಮುಂದೆ ನಡೆಯುವವರನ್ನೂ ಒಮ್ಮೆ ನೋಡಬೇಕು.

ಈ ಬಣ್ಣ ಬಯಲಾದದ್ದು ಎನ್ರಾನ್ ಪ್ರಕರಣದಲ್ಲಿ. ಅಮೆರಿಕದ ಈ ಇಂಧನ ಕಂಪನಿಯ ಷೇರಿಗೆ 2000ದ ಆಗಸ್ಟ್‌ನಲ್ಲಿ ಸುಮಾರು 90 ಡಾಲರ್ ಬೆಲೆ ಇತ್ತು. 2001ರ ಡಿಸೆಂಬರ್ 2ರಂದು ಅದು ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಕೆಲವೇ ವಾರಗಳ ಹಿಂದಿನವರೆಗೂ ಹಲವು ವಿಶ್ಲೇಷಕರು ‘ಕೊಳ್ಳಿ’ ಎನ್ನುತ್ತಲೇ ಇದ್ದರು. ಅದೇ ಹೊತ್ತಿಗೆ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ನಡೆಸಿದ ತನಿಖೆಯಲ್ಲಿ ವಿಶ್ಲೇಷಕರ ಒಳಗಿನ ಪತ್ರವ್ಯವಹಾರ ಹೊರಬಂತು. ಸಾರ್ವಜನಿಕವಾಗಿ ಹೊಗಳಿದ ಷೇರುಗಳನ್ನು ಕೆಲವರು ಖಾಸಗಿಯಾಗಿ ಹೀನಾಯವಾಗಿ ಜರೆದಿದ್ದರು! 2003ರ ಏಪ್ರಿಲ್‌ನಲ್ಲಿ ವಾಲ್ ಸ್ಟ್ರೀಟಿನ ಹತ್ತು ದೊಡ್ಡ ಸಂಸ್ಥೆಗಳು ಒಟ್ಟು ಸುಮಾರು 140 ಕೋಟಿ ಡಾಲರ್ ತೆತ್ತು ರಾಜಿ ಮಾಡಿಕೊಂಡವು. ಎರಡು ಅಂಗಡಿಗಳ ನಡುವೆ ಗೋಡೆ ಕಟ್ಟಲು ಒಪ್ಪಿದವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮೂವತ್ತೈದರ ಮಹಿಮೆ

ತಪ್ಪೆಲ್ಲ ವಿಶ್ಲೇಷಕರದೇ ಅಲ್ಲ. ಕಂಪನಿಗಳೂ ಈ ಆಟದಲ್ಲಿ ಪಾಲುದಾರರು. ಪರೀಕ್ಷೆಯ ಅಂಕಪಟ್ಟಿ ನೋಡಿದ ಮೇಷ್ಟರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. 35 ಬಂದವರು ತುಂಬಾ ಇರುತ್ತಾರೆ, 33 ಮತ್ತು 34 ಬಂದವರು ಹುಡುಕಿದರೂ ಸಿಗುವುದಿಲ್ಲ. ಉತ್ತರಪತ್ರಿಕೆ ತಿದ್ದುವ ಕೈ ಅಲ್ಲಿ ಸ್ವಲ್ಪ ಮೃದುವಾಗಿರುತ್ತದೆ.

ಡೇವಿಡ್ ಬರ್ಗ್‌ಸ್ಟಾಲರ್ ಮತ್ತು ಇಲಿಯಾ ಡಿಚೆವ್ ಎಂಬ ಲೆಕ್ಕಶಾಸ್ತ್ರದ ಸಂಶೋಧಕರು 1997ರಲ್ಲಿ ಕಂಪನಿಗಳ ಅಂಕಪಟ್ಟಿಯಲ್ಲೂ ಇದೇ ಚಿತ್ರವನ್ನು ಕಂಡರು. ಚೂರು ಲಾಭ ತೋರಿಸಿದ ಕಂಪನಿಗಳು ಬಹಳ, ಚೂರು ನಷ್ಟ ತೋರಿಸಿದವು ತೀರಾ ಕಡಿಮೆ. ಸಣ್ಣ ನಷ್ಟದ ಅಂಚಿನಲ್ಲಿದ್ದ ಕಂಪನಿಗಳಲ್ಲಿ ಶೇ. 30ರಿಂದ 44ರಷ್ಟು ಲೆಕ್ಕವನ್ನು ಅಷ್ಟಿಷ್ಟು ಎಳೆದು ಲಾಭದ ಕಡೆಗೆ ದಾಟಿಕೊಂಡಿವೆ ಎಂದು ಅವರು ಅಂದಾಜು ಮಾಡಿದರು.

ಇನ್ನೊಂದು ಜಾಣತನವೂ ಉಂಟು. ವರ್ಷದ ಆರಂಭದಲ್ಲಿ ವಿಶ್ಲೇಷಕರ ಅಂದಾಜು ಗಗನದಲ್ಲಿರುತ್ತದೆ. ಫಲಿತಾಂಶ ಹತ್ತಿರ ಬಂದಂತೆ ಅದು ಮೆಲ್ಲಮೆಲ್ಲನೆ ಕೆಳಗಿಳಿಯುತ್ತದೆ. ಕಡೆಗೆ ಕಂಪನಿ ಸುಲಭವಾಗಿ ದಾಟಬಲ್ಲ ಎತ್ತರಕ್ಕೆ ಬಂದು ನಿಲ್ಲುತ್ತದೆ. ಎತ್ತರ ಜಿಗಿತದ ಸ್ಪರ್ಧೆಯಲ್ಲಿ ಆಟಗಾರ ಓಡಿ ಬರುವಾಗ ಕೋಲನ್ನು ಒಂದು ಗೇಣು ಇಳಿಸಿದ ಹಾಗೆ. ಮರುದಿನ ‘ನಿರೀಕ್ಷೆ ಮೀರಿದ ಸಾಧನೆ’ ಎಂಬ ಸುದ್ದಿ. ಅಮೆರಿಕದ ಮೂವರು ಸಂಶೋಧಕರು 2004ರಲ್ಲಿ ಈ ‘ಇಳಿಸುವ ಆಟ’ವನ್ನು ಅಂಕಿಗಳೊಡನೆ ತೋರಿಸಿದರು. ಹೊಸ ಷೇರು ಮಾರಲು ಹೊರಟ ಕಂಪನಿಗಳಲ್ಲಿ ಮತ್ತು ತಮ್ಮ ಷೇರು ಮಾರಿಕೊಳ್ಳಲಿದ್ದ ಒಳಗಿನವರಿರುವ ಕಂಪನಿಗಳಲ್ಲಿ ಇದು ಹೆಚ್ಚಾಗಿ ಕಂಡುಬಂತು.

ಹಾಗೆಂದು ಮುನ್ಸೂಚನೆಯೆಲ್ಲ ಬೊಗಳೆ ಎನ್ನುವುದು ವಿಜ್ಞಾನವಲ್ಲ. ಮುಂದಿನ ಕೆಲವು ತಿಂಗಳ ಗಳಿಕೆಯನ್ನು ವಿಶ್ಲೇಷಕರು ಹಳೆಯ ಅಂಕಿಗಳ ಯಾಂತ್ರಿಕ ಲೆಕ್ಕಕ್ಕಿಂತ ಚೆನ್ನಾಗಿ ಹೇಳುತ್ತಾರೆ ಎಂದು ಹಲವು ಅಧ್ಯಯನಗಳು ಒಪ್ಪಿವೆ. ದೂರ ಹೋದಂತೆ ಕಣ್ಣು ಮಂಜಾಗುತ್ತದೆ. ಮಾರ್ಕ್ ಬ್ರಾಡ್‌ಶಾ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದಂತೆ, ಎರಡು ಮೂರು ವರ್ಷ ಮುಂದಿನ ಮಾತು ಬಂದಾಗ, ‘ಹೋದ ವರ್ಷದಷ್ಟೇ ಬರುತ್ತದೆ’ ಎನ್ನುವ ಹಳ್ಳಿಯ ಅಜ್ಜನ ಅಂದಾಜೂ ಪರಿಣತರ ಅಂದಾಜಿಗೆ ಸರಿಸಾಟಿ.

ಜಾತಕ ಕೂಡಿ ಬರಲಿಲ್ಲ

ಸಿಹಿ ಮಾತನ್ನು ಎಲ್ಲರೂ ಒಂದೇ ರೀತಿ ಕೇಳಿಸಿಕೊಳ್ಳುವುದಿಲ್ಲ. ಹೆಣ್ಣು ನೋಡಿ ಹೋದವರು ‘ಜಾತಕ ಕೂಡಿ ಬರಲಿಲ್ಲ’ ಎಂದು ಹೇಳಿ ಕಳಿಸಿದರೆ ಅದರ ಅರ್ಥ ಹಿರಿಯರಿಗೆ ಗೊತ್ತು. ಯಾರೂ ಜಾತಕ ತೆಗೆದು ಮತ್ತೆ ಲೆಕ್ಕ ಹಾಕುವುದಿಲ್ಲ. ಷೇರು ಪೇಟೆಯ ಶಿಫಾರಸಿಗೂ ಇಂಥ ಒಳಾರ್ಥ ಇದೆ. ‘ಇಟ್ಟುಕೊಳ್ಳಿ’ ಎಂದರೆ ಅನೇಕ ವೇಳೆ ‘ಮಾರಿ’ ಎಂದು ಅರ್ಥ. ಬರೀ ‘ಕೊಳ್ಳಿ’ ಎಂದರೆ ‘ಅಷ್ಟಕ್ಕಷ್ಟೆ’.

ಉಲ್ರಿಕೆ ಮಾಲ್ಮೆಂಡಿಯರ್ ಮತ್ತು ದೇವಿನ್ ಶಾಂತಿಕುಮಾರ್ ಎಂಬ ವಿದ್ವಾಂಸರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಥೆಯಲ್ಲಿ ಎಲ್ಲಕ್ಕಿಂತ ಕಳವಳಕಾರಿ. ಶಿಫಾರಸು ಬಂದಾಗ ದೊಡ್ಡ ಹೂಡಿಕೆದಾರರು ಏನು ಮಾಡುತ್ತಾರೆ, ಸಣ್ಣವರು ಏನು ಮಾಡುತ್ತಾರೆ ಎಂದು ಅವರು ವ್ಯವಹಾರದ ಗಾತ್ರದಿಂದ ಬಿಡಿಸಿ ನೋಡಿದರು. ದೊಡ್ಡವರು ಮಾತಿನಲ್ಲಿ ಬೆರೆತ ಸಕ್ಕರೆಯನ್ನು ಕಳೆದು ಕೇಳಿಸಿಕೊಂಡಿದ್ದರು. ‘ಇಟ್ಟುಕೊಳ್ಳಿ’ ಎಂದ ಷೇರನ್ನು ಮಾರಿದ್ದರು. ಸಣ್ಣವರು ಅಕ್ಷರಕ್ಕೆ ಅಕ್ಷರ ನಂಬಿದ್ದರು. ಹೇಳುವವನ ಹಿತಾಸಕ್ತಿ ಎಲ್ಲಿದೆ ಎಂಬುದು ಕಣ್ಣೆದುರಿಗೇ ಇದ್ದಾಗಲೂ ನಂಬಿದ್ದರು. ಒಂದೇ ಶಿಫಾರಸು, ಒಬ್ಬನಿಗೆ ಸೂಚನೆ, ಇನ್ನೊಬ್ಬನಿಗೆ ಬಲೆ. ಬಲೆಗೆ ಬೀಳುವವನು ಕಳೆದುಕೊಳ್ಳಲು ಏನೂ ಹೆಚ್ಚಿಗೆ ಇಲ್ಲದವನು.

ನಮ್ಮೊಳಗಿನ ಜೋಯಿಸ

ಹೊರಗಿನವರ ಮಾತು ಹೇಗಾದರೂ ಇರಲಿ, ಹೂಡಿಕೆದಾರನ ಮನಸ್ಸೂ ಕಡಿಮೆಯದಲ್ಲ. ಬ್ರ್ಯಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡೀನ್ 1991ರಿಂದ 1996ರವರೆಗಿನ 66,465 ಅಮೆರಿಕನ್ ಕುಟುಂಬಗಳ ಖಾತೆಗಳನ್ನು ಪರಿಶೀಲಿಸಿದರು. ಆ ಅವಧಿಯಲ್ಲಿ ಪೇಟೆ ವರ್ಷಕ್ಕೆ ಶೇ. 17.9ರಷ್ಟು ಫಲ ಕೊಟ್ಟಿತ್ತು. ಅತಿ ಹೆಚ್ಚು ಕೊಂಡು ಮಾರಿದವರಿಗೆ ದಕ್ಕಿದ್ದು ಶೇ. 11.4 ಮಾತ್ರ. ಲೆಕ್ಕ ಹಾಕಿ ನೋಡಿ. ಒಂದು ಲಕ್ಷ ರೂಪಾಯಿ ಆರು ವರ್ಷದಲ್ಲಿ ಮೊದಲ ದರದಲ್ಲಿ ಸುಮಾರು 2 ಲಕ್ಷ 68 ಸಾವಿರ ಆಗುತ್ತದೆ, ಎರಡನೆಯ ದರದಲ್ಲಿ ಸುಮಾರು 1 ಲಕ್ಷ 91 ಸಾವಿರ. ನಡುವಿನ 77 ಸಾವಿರ ಹೋದದ್ದು ‘ನನಗೆ ಗೊತ್ತು’ ಎಂಬ ಭ್ರಮೆಗೆ ಮತ್ತು ದಲ್ಲಾಳಿಯ ಜೇಬಿಗೆ. ಅವರ 2001ರ ಲೇಖನದಂತೆ ಗಂಡಸರು ಹೆಂಗಸರಿಗಿಂತ ಶೇ. 45ರಷ್ಟು ಹೆಚ್ಚು ವ್ಯವಹಾರ ಮಾಡಿ, ಆ ಮೂಲಕ ಹೆಚ್ಚು ಕಳೆದುಕೊಂಡಿದ್ದರು. ಮನೆಯ ದುಡ್ಡು ಅಕ್ಕಿ ಡಬ್ಬದಲ್ಲಿ ಅಜ್ಜಿಯ ಕೈಯಲ್ಲೇ ಸುರಕ್ಷಿತ ಎಂಬ ಹಳೆಯ ಮಾತು ಸುಳ್ಳಲ್ಲ!

ಓಡೀನ್ 1998ರಲ್ಲಿ ಇನ್ನೊಂದು ದೌರ್ಬಲ್ಯವನ್ನು ಅಳೆದಿದ್ದರು. ಜನ ಲಾಭದಲ್ಲಿರುವ ಷೇರನ್ನು ಬೇಗ ಮಾರುತ್ತಾರೆ, ನಷ್ಟದಲ್ಲಿರುವುದನ್ನು ಕಟ್ಟಿಕೊಂಡು ಕೂರುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ತಾನು ಆರಿಸಿದ್ದು ತಪ್ಪು ಎಂದು ಒಪ್ಪಿಕೊಳ್ಳಲು ಮನಸ್ಸು ಬಾರದು. ಆದರೆ ಮಾರಿದ ಷೇರುಗಳು ಮುಂದಿನ ಒಂದು ವರ್ಷದಲ್ಲಿ, ಇಟ್ಟುಕೊಂಡವುಗಳಿಗಿಂತ ಸರಾಸರಿ ಶೇ. 3.4ರಷ್ಟು ಹೆಚ್ಚು ಫಲ ಕೊಟ್ಟವು.

ಗಮನದ ಕೊರತೆಯೂ ಇದೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಜೋಷುವಾ ಪೊಲೆಟ್ 2009ರಲ್ಲಿ ಕಂಡಂತೆ, ಶುಕ್ರವಾರ ಪ್ರಕಟವಾದ ಫಲಿತಾಂಶಕ್ಕೆ ಪೇಟೆಯ ತಕ್ಷಣದ ಪ್ರತಿಕ್ರಿಯೆ ಉಳಿದ ವಾರಗಳಿಗಿಂತ ಶೇ. 15ರಷ್ಟು ಕಡಿಮೆ. ಶನಿವಾರ ಭಾನುವಾರದ ರಜೆಯ ಗುಂಗಿನಲ್ಲಿ ಜನ ಸುದ್ದಿಯನ್ನು ಸರಿಯಾಗಿ ಓದುವುದೇ ಇಲ್ಲ. ಬೆಲೆ ಆಮೇಲೆ ನಿಧಾನವಾಗಿ ಸರಿಹೋಗುತ್ತದೆ.

ಒಂದು ನೋಟ್‌ಬುಕ್, ನಾಲ್ಕು ಗೆರೆ

ಇದೆಲ್ಲ ಅಮೆರಿಕದ ಮಾತು, ನಮಗೇಕೆ ಎನ್ನುವಂತಿಲ್ಲ. ಭಾರತದಲ್ಲಿ ಡಿಮ್ಯಾಟ್ ಖಾತೆಗಳ ಸಂಖ್ಯೆ 2022ರ ಆಗಸ್ಟ್‌ನಲ್ಲಿ 10 ಕೋಟಿ ದಾಟಿತು. ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನದ ಅಂಕಿಗಳನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. ‘ಫ್ಯೂಚರ್ಸ್ ಮತ್ತು ಆಪ್ಷನ್ಸ್’ ಎಂಬ ವಾಯಿದೆ ವ್ಯವಹಾರಕ್ಕೆ ಇಳಿದ ಒಂದು ಕೋಟಿಗೂ ಹೆಚ್ಚು ಜನಸಾಮಾನ್ಯರಲ್ಲಿ ಶೇ. 93ರಷ್ಟು ಮಂದಿ ಮೂರು ಹಣಕಾಸು ವರ್ಷಗಳಲ್ಲಿ ನಷ್ಟ ಅನುಭವಿಸಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ತಲೆಗೆ ಸರಾಸರಿ ಸುಮಾರು 2 ಲಕ್ಷ.

ವಿಶ್ಲೇಷಕರಿಗಾಗಿ ಸೆಬಿ 2014ರಲ್ಲಿ ನಿಯಮಗಳನ್ನು ತಂದಿದೆ. ಶಿಫಾರಸು ಮಾಡುವವರು ನೋಂದಣಿ ಮಾಡಿಸಿಕೊಳ್ಳಬೇಕು. ಆ ಷೇರಿನಲ್ಲಿ ತಮಗೆ ಪಾಲಿದ್ದರೆ ಹೇಳಬೇಕು. ಖಚಿತ ಲಾಭದ ಭರವಸೆ ಕೊಡುವಂತಿಲ್ಲ. ಮೊಬೈಲಿಗೆ ಬರುವ ‘ನಾಳೆ ದುಪ್ಪಟ್ಟು’ ಎಂಬ ಸಂದೇಶದಲ್ಲಿ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡುವುದಕ್ಕೆ ಬಿ.ಕಾಂ. ಓದಿರಬೇಕಾಗಿಲ್ಲ.

ಆದರೆ ಕಾನೂನು ಮನೆಯ ಬಾಗಿಲವರೆಗೆ ಮಾತ್ರ ಬರುತ್ತದೆ. ಒಳಗಿನ ಕೆಲಸ ಹೂಡಿಕೆದಾರನದೇ. ಅದಕ್ಕೆ ಕೌಲ್ಸ್ ಹಿಡಿದ ದಾರಿ ಇಂದಿಗೂ ಸಾಕು. ಮಕ್ಕಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ನಾಲ್ಕು ಗೆರೆ ಎಳೆದರೆ ಆಯಿತು. ಯಾರು ಹೇಳಿದರು, ಯಾವ ದಿನ ಏನು ಹೇಳಿದರು, ಹಾಗೆ ಹೇಳುವುದರಿಂದ ಅವರಿಗೇನು ಲಾಭ, ಕೊನೆಗೆ ಏನಾಯಿತು. ಹೊರಗಿನವರ ಮಾತಿನ ಜೊತೆಗೆ ‘ಈ ಷೇರು ಏರಿಯೇ ಏರುತ್ತದೆ’ ಎಂದು ತನಗೆ ತಾನೇ ಹೇಳಿಕೊಂಡದ್ದನ್ನೂ ಪ್ರಾಮಾಣಿಕವಾಗಿ ಬರೆಯಬೇಕು. ಅದರ ಪಕ್ಕದಲ್ಲಿ, ಏನೂ ಮಾಡದೆ ಸೂಚ್ಯಂಕವನ್ನೇ ಹಿಂಬಾಲಿಸುವ ಮ್ಯೂಚುವಲ್ ಫಂಡಿಗೆ ಅಷ್ಟೇ ಹಣ ಹಾಕಿದ್ದರೆ ಎಷ್ಟಾಗುತ್ತಿತ್ತು ಎಂಬ ಅಂಕಿಯೂ ಇರಲಿ. ಒಂದು ರೂಪಾಯಿ ಹೂಡದೆಯೂ ಈ ಪ್ರಯೋಗವನ್ನು ನಡೆಸಬಹುದು. ಪ್ರಯೋಗಶಾಲೆಯಲ್ಲಿ ಆಮ್ಲಕ್ಕೆ ಕೈ ಹಾಕುವ ಮುನ್ನ ಲಿಟ್ಮಸ್ ಕಾಗದ ಅದ್ದಿ ನೋಡುವುದಿಲ್ಲವೇ?

ಒಂದು ವರ್ಷ ಕಳೆಯಲಿ. ಮುಂದಿನ ಯುಗಾದಿಗೆ ಹೊಸ ಪಂಚಾಂಗ ಮನೆಗೆ ಬಂದಾಗ, ಬೇವುಬೆಲ್ಲ ತಿಂದು, ಆ ನೋಟ್‌ಬುಕ್ಕನ್ನು ತೆರೆದು ಕೂರಲಿ. ಬರೆದದ್ದರಲ್ಲಿ ಎಷ್ಟು ನಿಜವಾಯಿತು ಎಂಬುದನ್ನು ಎಣಿಸಿದ ಮೇಲೆ ನಿವೃತ್ತಿಯ ಗಂಟನ್ನು ಬಿಚ್ಚಬೇಕೇ ಬೇಡವೇ ಎಂದು ಯೋಚಿಸಲಿ.